ಗರ್ತ್ ಮನೆಯಲ್ಲಿ ನಾಯಿ ಸಾಕುವುದಿಲ್ಲ

ಉತ್ತರದ ಕಡಲ ನಡುವಿನ ನಮ್ಮ ಹುನ್ಸೇ ದ್ವೀಪದಲ್ಲಿ ಒಲೆ ಉರಿಯುವ ಮನೆ ಹದಿನೇಳು, ಮನುಷ್ಯರು ನಲವತ್ತೊಂದು, ನಾಯಿಗಳು ಇಪ್ಪತ್ತಾರು. ಕುರಿ ಇರುವ ಮನೆಗೆ ನಾಯಿ ಬೇಕೇ ಬೇಕು. ಗರ್ತ್ ಮನೆಯ ಮೆರನ್ ಡ್ರೀವರ್ ಒಬ್ಬಳೇ ನೂರಾ ಹತ್ತು ಕುರಿಗಳನ್ನು ನಾಯಿಯಿಲ್ಲದೆ ಸಂಭಾಳಿಸಿದವಳು. ಐವತ್ತೆಂಟರ ಹೆಂಗಸು ರಬ್ಬರ್ ಬೂಟು ತೊಟ್ಟು, ಎರಡೂ ಕೈ ಅಗಲಿಸಿ, ಹಿಂಡಿನ ಹಿಂದೆ ತಾನೇ ನಾಯಿಯ ಹಾಗೆ ಅತ್ತಿಂದಿತ್ತ ಓಡುತ್ತಿದ್ದಳು. ನೋಡಿದವರಿಗೆ ನಗು ಬರುತ್ತಿತ್ತು, ನಾನೂ ನಕ್ಕಿದ್ದೇನೆ. ಆದರೆ ಅವಳ ಕಿವಿಗೆ ಬೀಳುವಂತೆ ಯಾರೂ ನಗುತ್ತಿರಲಿಲ್ಲ. ಆ ಮನೆಯಲ್ಲಿ ನಾಯಿ ಯಾಕಿಲ್ಲ ಎಂಬುದು ದ್ವೀಪಕ್ಕೆಲ್ಲ ಗೊತ್ತಿತ್ತು.

ನಾನು ಸಿಬ್ಬಿ. ಮೆರನ್ನಳ ಗಂಡ ಡೇವೋ ನನ್ನ ತಮ್ಮ, ಅವನು ತೀರಿಕೊಂಡು ಆರು ವರ್ಷವಾಯಿತು. ನಮ್ಮ ಮನೆಗೂ ಗರ್ತಿಗೂ ನಡುವೆ ಇರುವುದು ಒಂದು ಹುಲ್ಲುಗಾವಲು ಮಾತ್ರ. ದ್ವೀಪದ ವಿಮಾನ ಇಳಿಯುವ ಬಯಲನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಂಟು ಸೀಟಿನ ವಿಮಾನ ಬರುವ ಮುಂಚೆ ಬಯಲಿನಿಂದ ಕುರಿಗಳನ್ನು ಅಟ್ಟಬೇಕು, ಹತ್ತುವವರನ್ನು ತೂಗಬೇಕು. ತೂಕವನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಚೀಟಿಯಲ್ಲಿ ಬರೆದು ಪೈಲಟ್‌ಗೆ ಕೊಡಬೇಕು. ಯಾರು ಸೊರಗಿದರು, ಯಾರು ಊದಿಕೊಂಡರು ಎಂಬುದು ಈ ದ್ವೀಪದಲ್ಲಿ ಮೊದಲು ತಿಳಿಯುವುದು ನನಗೇ. ಸಿಬ್ಬಿಯ ಬಾಯಿ ಸಡಿಲ ಎನ್ನುವವರಿದ್ದಾರೆ. ತೂಕದ ಮಟ್ಟಿಗೆ ಅದು ಶುದ್ಧ ಸುಳ್ಳು.

ನಮ್ಮ ಆರ್ಕ್‌ನಿ ದ್ವೀಪಗಳಲ್ಲಿ ಒಂದು ಕಾಯಿಲೆ ಇದೆ. ಇಲ್ಲಿರುವಷ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲವೆಂದು ಡಾಕ್ಟರರು ಹೇಳುತ್ತಾರೆ. ಅವರು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ. ನಮ್ಮ ಅಜ್ಜಿಯಂದಿರು ಹೆಸರಿನ ತಂಟೆಗೇ ಹೋಗದೆ ‘ಅವಳು ಗೋಡೆ ಹಿಡಿದಳು’ ಎನ್ನುತ್ತಿದ್ದರು. ಹರೆಯದ ಹೆಣ್ಣಿಗೆ ಒಂದು ಕಾಲು ಜೋಮು ಹಿಡಿಯುತ್ತದೆ, ಇಲ್ಲವೇ ಒಂದು ಕಣ್ಣು ಮಂಜಾಗುತ್ತದೆ. ಆರು ವಾರದಲ್ಲಿ ತಾನಾಗಿಯೇ ಸರಿಹೋಗುತ್ತದೆ. ಎಲ್ಲರೂ ಮರೆತ ಮೇಲೆ ಇನ್ನೊಂದು ಕಡೆಯಿಂದ ಬರುತ್ತದೆ, ಒಂದೊಂದು ಸಲ ಬಂದಾಗಲೂ ಹೋಗುವಾಗ ಏನಾದರೊಂದನ್ನು ಕೊಂಡೊಯ್ಯುತ್ತದೆ. ಕೊನೆಗೆ ಅವಳು ಗೋಡೆ ಹಿಡಿದು ನಡೆಯುತ್ತಾಳೆ.

ಮೆರನ್ನಳ ಅಜ್ಜಿ ಗೋಡೆ ಹಿಡಿದಿದ್ದಳು. ತಾಯಿ ಇಸ್ಬೆಲ್ ಮಾತ್ರ ಬಹಳ ಕಾಲ ಗೋಡೆ ಹಿಡಿಯಲಿಲ್ಲ, ಯಾಕೆಂದರೆ ಅವಳಿಗೆ ನಾಯಿ ಇತ್ತು. ಕಪ್ಪು ಬಿಳುಪಿನ ಕುರಿನಾಯಿ, ಹೆಣ್ಣು. ಅದಕ್ಕೆ ಯಾರೂ ಕಲಿಸಿದ್ದಲ್ಲ. ಇಸ್ಬೆಲ್ ಕುರ್ಚಿಯಿಂದ ಏಳುತ್ತಲೇ ಬಂದು ಅವಳ ಎಡಗಾಲಿಗೆ ಮೈ ಒತ್ತಿ ನಿಲ್ಲುತ್ತಿತ್ತು. ಅವಳು ಅದರ ಕತ್ತಿನ ಕೂದಲಲ್ಲಿ ಬೆರಳಿಟ್ಟುಕೊಂಡು ಅಡುಗೆಮನೆಯಿಂದ ಮಲಗುವ ಕೋಣೆಗೆ, ಕೋಣೆಯಿಂದ ಅಂಗಳಕ್ಕೆ ಹೋಗಿಬರುತ್ತಿದ್ದಳು. ಕಾಲು ತಡವರಿಸಿದರೆ ನಾಯಿ ಕಂಬದ ಹಾಗೆ ನಿಂತುಬಿಡುತ್ತಿತ್ತು. ಅದರ ಹೆಸರನ್ನು ನಾನೀಗಲೇ ಹೇಳುವುದಿಲ್ಲ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ನಂತರ ಆ ಹೆಸರನ್ನು ಈ ದ್ವೀಪದಲ್ಲಿ ಬೇರೆ ಯಾವ ನಾಯಿಗೂ ಯಾರೂ ಇಟ್ಟಿಲ್ಲ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ದಕ್ಷಿಣದಿಂದ ಡಾಕ್ಟರರ ತಂಡವೊಂದು ಬಂತು. ಈ ಕಾಯಿಲೆ ಇಲ್ಲೇ ಯಾಕೆ ಇಷ್ಟೊಂದು ಎಂದು ಹುಡುಕಿಕೊಂಡು ದ್ವೀಪ ದ್ವೀಪ ಸುತ್ತುತ್ತಿದ್ದರು. ಗರ್ತಿಗೆ ಬಂದವಳು ಹಸಿರು ಕೋಟಿನ ಒಬ್ಬ ಹೆಂಗಸು, ಕೈಯಲ್ಲಿ ಉದ್ದನೆಯ ಫಾರಂ. ಇಸ್ಬೆಲ್ ಮಲಗಿದ್ದಳು, ಅವಳ ಗಂಡ ಮಾನ್ಸಿ ಹೊಲದಲ್ಲಿದ್ದ. ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವಳು ಒಂಬತ್ತು ವರ್ಷದ ಮೆರನ್. ನನಗಾಗ ಹದಿನೇಳು, ಮೊಟ್ಟೆ ಕೊಡಲು ಹೋದವಳು ಅಲ್ಲೇ ನಿಂತಿದ್ದೆ. ಯಾವ ಬಾವಿಯ ನೀರು, ಕಡಲಹಕ್ಕಿಯ ಮೊಟ್ಟೆ ತಿನ್ನುತ್ತೀರಾ, ಮನೆಯಲ್ಲಿ ನಾಯಿ ಇದೆಯಾ, ಅದಕ್ಕೆ ಯಾವತ್ತಾದರೂ ಕಾಯಿಲೆ ಆಗಿತ್ತಾ ಎಂದೆಲ್ಲ ಕೇಳಿದಳು. ಹೋದ ಮಾರ್ಚಿನಲ್ಲಿ ನಾಯಿಗೆ ಮೂಗು ಸೋರುತ್ತಿತ್ತು, ಮೈ ನಡುಗುತ್ತಿತ್ತು ಎಂದಳು ಮೆರನ್. ಹಸಿರು ಕೋಟಿನವಳು ಅದನ್ನು ಬರೆದು ಕೆಳಗೊಂದು ಗೆರೆ ಎಳೆದಳು. ಜಾಣ ಹುಡುಗಿ ಎಂದು ಅವಳ ಕೈಗೆ ಒಂದು ಪೆಪ್ಪರ್‌ಮಿಂಟು ಕೊಟ್ಟು ಹೋದಳು.

ಆ ಹೆಂಗಸಿನದು ತಪ್ಪಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳಿದಳು. ಆದರೆ ನಮ್ಮಲ್ಲಿ ಹಾಗೆ ಕೇಳುವ ಪದ್ಧತಿಯೇ ಇಲ್ಲ. ಇನ್ನೊಬ್ಬರ ಮನೆಯ ಬಗ್ಗೆ ಪ್ರಶ್ನೆ ಕೇಳುವುದು ನಮ್ಮಲ್ಲಿ ಮರ್ಯಾದೆಗೇಡು. ಯಾರಾದರೂ ಕೇಳಿದರೆಂದರೆ ಅವರಿಗೆ ಆಗಲೇ ಗೊತ್ತಿದೆ, ಗೊತ್ತಿದೆ ಎಂದು ನಮಗೆ ತಿಳಿಸುವುದಕ್ಕಾಗಿ ಕೇಳುತ್ತಿದ್ದಾರೆ ಎಂದೇ ಅರ್ಥ. ‘ನಿಮ್ಮ ಗೇಟು ಹಾಕಿದ್ದೀರಾ?’ ಎಂದು ನೆರೆಯವನು ಕೇಳಿದರೆ ಕುರಿ ಅವನ ಹೊಲಕ್ಕೆ ನುಗ್ಗಿದೆ ಎಂದೇ ಲೆಕ್ಕ. ದಕ್ಷಿಣದ ಡಾಕ್ಟರು ನಾಯಿಯ ಬಗ್ಗೆ ಕೇಳಿ, ಗೆರೆ ಬೇರೆ ಎಳೆದಳೆಂದರೆ ಮಾನ್ಸಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮರುದಿನ ನಡುಮಧ್ಯಾಹ್ನ ಅವನು ನಾಯಿಯನ್ನು ದೋಣಿಗೆ ಹತ್ತಿಸಿಕೊಂಡು ಹೋದ. ನಾಯಿ ಖುಷಿಯಿಂದಲೇ ಹತ್ತಿತು. ಬರುವಾಗ ಅವನೊಬ್ಬನೇ ಬಂದ, ಬಂದವನು ಬಾವಿಗೂ ಕಲ್ಲು ತುಂಬಿಸಿದ.

ಇಸ್ಬೆಲ್ ಆಮೇಲೆ ಹನ್ನೊಂದು ವರ್ಷ ಬದುಕಿದಳು. ಒಮ್ಮೆ ಪಟ್ಟಣದ ಆಸ್ಪತ್ರೆಯಲ್ಲಿ ಅವಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದರಂತೆ. ಎದ್ದಾಗ ಕಣ್ಣು ಕಾಣಲಿಲ್ಲ, ಕಾಲು ನಿಲ್ಲಲಿಲ್ಲ. ಹಾಗಾದರೆ ಕಾಯಿಲೆ ಇದೆ ಎಂದು ಗೊತ್ತಾಗುತ್ತಿತ್ತು, ಆ ಕಾಲದ ಪರೀಕ್ಷೆಯೇ ಅದು. ಮದ್ದು ಇರಲಿಲ್ಲ. ಮನೆಗೆ ಕಳಿಸಿದರು. ನಾಯಿ ಇಲ್ಲದ ಇಸ್ಬೆಲ್ ಅಡುಗೆಮನೆಯಿಂದ ಮಲಗುವ ಕೋಣೆಯವರೆಗಿನ ಪ್ಯಾಸೇಜಿನ ಗೋಡೆ ಹಿಡಿದಳು. ಹನ್ನೊಂದು ವರ್ಷ ಅವಳ ಅಂಗೈ ಉಜ್ಜಿ ಉಜ್ಜಿ ಆ ಸುಣ್ಣದ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಬೂದು ಪಟ್ಟೆ ಮೂಡಿತು. ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅವಳು ಸತ್ತ ಮೇಲೆ ಮಾನ್ಸಿ ಸುಣ್ಣ ಬಳಿದ.

ಮೆರನ್ ಅಲ್ಲೇ ಬೆಳೆದಳು, ನನ್ನ ತಮ್ಮನನ್ನು ಮದುವೆಯಾಗಿ ಅವನನ್ನೂ ಅಲ್ಲಿಗೇ ಕರೆತಂದಳು. ಒಳ್ಳೆಯ ಹೆಂಗಸು, ಗಿಣ್ಣು ಮಾಡಿದರೆ ಒಂದು ತುಂಡು ನಮ್ಮ ಮನೆಗೆ ಬರದೆ ಇರುತ್ತಿರಲಿಲ್ಲ. ಆದರೆ ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ: ಇಲ್ಲ. ಜನಗಣತಿಯವರು ಬಂದರೂ ಇಲ್ಲ, ನರ್ಸು ಬಂದರೂ ಇಲ್ಲ. ಮಗಳು ಥೋರಾ ಹುಟ್ಟಿದಾಗ ವಂಶದಲ್ಲಿ ಯಾರಿಗಾದರೂ ಕಾಯಿಲೆ ಇತ್ತೇ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದು ಬರೆಸಿದ್ದು ನನ್ನ ಕಣ್ಣೆದುರೇ. ಮಗಳಿಗೂ ಅದನ್ನೇ ಕಲಿಸಿದಳು. ನನಗೆ ಸಿಟ್ಟು ಬಂದರೂ ಬಾಯಿ ಮುಚ್ಚಿಕೊಂಡಿದ್ದೆ, ಆ ಪೆಪ್ಪರ್‌ಮಿಂಟನ್ನು ಹಿಡಿದು, ನಾಯಿಯನ್ನು ಕೊಂಡೊಯ್ದ ದಿನ, ಅವಳು ಕಡಲದಂಡೆಯಲ್ಲಿ ನಿಂತಿದ್ದು ನನಗೆ ನೆನಪಿತ್ತು.

ಎರಡು ವರ್ಷದ ಹಿಂದಿನ ಆಗಸ್ಟಿನಲ್ಲಿ ಮೆರನ್ ಮನೆಗೆಲ್ಲ ಸುಣ್ಣ ಬಳಿದಳು. ಅಕ್ಟೋಬರಿನ ಒಂದು ಬೆಳಿಗ್ಗೆ, ವಿಮಾನ ಹೋದ ಮೇಲೆ, ನನ್ನನ್ನು ಕರೆಸಿದಳು. ಕಡಲಿನ ಮಂಜು ಬಾಗಿಲವರೆಗೂ ಬಂದು ನಿಂತಿತ್ತು, ಅಂಗಳದ ಗೇಟು ಕೂಡ ಕಾಣುತ್ತಿರಲಿಲ್ಲ. ಅವಳು ಪ್ಯಾಸೇಜಿಗೆ ಕರೆದೊಯ್ದು ದೀಪ ಹಾಕಿ ಗೋಡೆ ತೋರಿಸಿದಳು. ಎರಡು ತಿಂಗಳ ಹೊಸ ಸುಣ್ಣ. ಅದರಲ್ಲಿ ಸೊಂಟದೆತ್ತರಕ್ಕೆ ತೆಳ್ಳಗೆ ಬೂದು ಪಟ್ಟೆ ಎದ್ದಿತ್ತು. ಮೊದಲಿದ್ದ ಜಾಗದಲ್ಲೇ ಶುರು, ಮೊದಲು ಮುಗಿಯುತ್ತಿದ್ದಲ್ಲೇ ಕೊನೆ.

“ಅಮ್ಮ ಓಡಾಡ್ತಿದ್ದಾಳೆ,” ಎಂದಳು ಮೆರನ್. ಹಾಲು ಒಡೆಯಿತು ಎನ್ನುವಷ್ಟೇ ಸಲೀಸಾಗಿ.

ಹಳೆಯ ಮಸಿ ಸುಣ್ಣದೊಳಗಿಂದ ಹೊರಗೆ ಬಂದಿರಬೇಕು ಎಂದೆ. ಮೂವತ್ತೆಂಟು ವರ್ಷ ಬಾರದ್ದು ಈಗ ಬರುವುದಿಲ್ಲ ಎಂದಳು. ಹಾಗಾದರೆ ನಿನ್ನ ಕೈಯದೇ ಎಂದೆ. ತಾನು ಆ ಗೋಡೆ ಮುಟ್ಟುವುದಿಲ್ಲ, ಅಮ್ಮ ಸತ್ತಾಗಿನಿಂದ ಮುಟ್ಟಿಲ್ಲ, ಕತ್ತಲಾದರೂ ನಡುವೆಯೇ ನಡೆಯುತ್ತೇನೆ ಎಂದಳು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಡುಗೆಮನೆಯಲ್ಲಿ ಒಬ್ಬಳೇ ಕೂತಿರುವಾಗ ಗೋಡೆಯ ಆಚೆ, ಚಪ್ಪಡಿ ಕಲ್ಲಿನ ಮೇಲೆ ಉಗುರಿನ ಸದ್ದು ಕೇಳುತ್ತದಂತೆ. ಟಿಕ್ ಟಿಕ್ ಎಂದು ಬಂದು ನಿಲ್ಲುತ್ತದೆ. ಮುಂದೆ ಹೋಗುವುದಿಲ್ಲ.

ನಾನು ಅವಳಿಗೆ ಬೈದೆ. ಒಬ್ಬಳೇ ಕೂತು ಕೂತು ತಲೆ ಕೆಟ್ಟಿದೆ, ಕರ್ಕ್‌ವಾಲ್ ಪೇಟೆಗೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದೆ. ಅಡುಗೆಮನೆಗೆ ಬಂದು ಚಹಾ ಕುಡಿಯುತ್ತ ಕೂತೆವು. ಬಾರ್ಲಿ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ನನ್ನ ಕೈ ನಿಂತಿತು. ಒಲೆಯ ಹಿಂದಿನಿಂದ, ಗೋಡೆಯಾಚೆಯಿಂದ, ಟಿಕ್ ಟಿಕ್ ಟಿಕ್. ಬಂತು, ನಿಂತಿತು. ಮೆರನ್ ನನ್ನ ಮುಖವನ್ನೇ ನೋಡುತ್ತಿದ್ದಳು. ಕಬ್ಬಿಣದ ಒಲೆ ಆರುವಾಗ ಹಾಗೆ ಸದ್ದಾಗುತ್ತದೆ ಎಂದೆ. ಒಲೆ ಆರಿರಲಿಲ್ಲ, ಕೆಟಲ್ ಇನ್ನೂ ಕುದಿಯುತ್ತಿತ್ತು. ನಾನು ದೆವ್ವ ಗಿವ್ವ ನಂಬುವವಳಲ್ಲ. ಆದರೂ ಆವತ್ತು ಮನೆಗೆ ಹೋಗುವಾಗ ಆ ಪ್ಯಾಸೇಜು ದಾಟದೆ ಹಿತ್ತಿಲ ಬಾಗಿಲಿನಿಂದ ಹೋದೆ.

ಹೋಗುವಾಗ ಕುಚೋದ್ಯಕ್ಕೆ ಒಂದು ಮಾತು ಎಸೆದೆ. “ಅಷ್ಟು ಅನುಮಾನ ಇದ್ರೆ ಟಗರಿಗೆ ಹಚ್ಚೋ ಬಣ್ಣ ತಂದು ಗೋಡೆಗೆ ಹಚ್ಚು. ಯಾರ ಮೈಗೆ ಅಂಟುತ್ತೋ ಅವರೇ ಕಳ್ಳರು.”

ನವೆಂಬರಿನಲ್ಲಿ ಟಗರು ಬಿಡುವಾಗ ಅದರ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಂಪು ಬಣ್ಣ ಬಳಿಯುತ್ತೇವೆ. ಬೆಳಿಗ್ಗೆ ಯಾವ ಕುರಿಯ ಬೆನ್ನು ಕೆಂಪಾಗಿದೆಯೋ ಅದರ ಮೇಲೆ ಟಗರು ಹಾರಿದೆ ಎಂದು ಲೆಕ್ಕ. ಸೋಪಿಗೆ ಜಗ್ಗದ ಬಣ್ಣ ಅದು. ನಾನು ತಮಾಷೆಗೆ ಹೇಳಿದ್ದನ್ನು ಮೆರನ್ ಹಾಗೇ ಮಾಡಿದಳು. ನವೆಂಬರಿನ ಎರಡನೆಯ ವಾರ, ಕೈಗೆ ರಬ್ಬರ್ ಗವಸು ಹಾಕಿಕೊಂಡು, ಬೂದು ಪಟ್ಟೆಯ ಮೇಲೆ ಉದ್ದಕ್ಕೂ ತೆಳ್ಳಗೆ ಬಳಿದಳು. ಮರುದಿನ ಮಧ್ಯಾಹ್ನ ನಾನು ಹೋದಾಗ ಪ್ಯಾಸೇಜಿನ ಬಾಗಿಲು ತೆರೆದು ತೋರಿಸಿದಳು. ಕೆಂಪು ಪಟ್ಟೆಯಲ್ಲಿ ನಾಲ್ಕು ಕಡೆ ಅಂಗೈ ಜಾರಿದ ಗುರುತು ಇತ್ತು. ಇನ್ನೊಂದೂ ಇತ್ತು, ಅದನ್ನು ನಾನು ಕಂಡದ್ದು ಕಂಡ ಹಾಗೆ ಹೇಳುತ್ತೇನೆ. ಎದುರಿನ ಗೋಡೆಯಲ್ಲಿ, ಮಂಡಿಯೆತ್ತರದಲ್ಲಿ, ಹೊಸ ಸುಣ್ಣವನ್ನು ಯಾರೋ ಮೈಯಿಂದ ಉಜ್ಜಿಕೊಂಡು ಹೋದ ಹಾಗೆ ಒಂದು ಸವಕಲು ಗೆರೆ. ಅಲ್ಲಿ ಮೆರನ್ ಬಣ್ಣ ಹಚ್ಚಿರಲಿಲ್ಲ. ಬೂಟು ತಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟು ಹೊತ್ತಿಗೆ ಥೋರಾ ಊಟಕ್ಕೆ ಬಂದಳು. ತಾಯಿಯ ಜೊತೆಯಲ್ಲೇ ಇದ್ದ ಅವಳಿಗೆ ಇಪ್ಪತ್ತೈದು, ದ್ವೀಪಗಳ ನಡುವಿನ ಫೆರಿ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸ. ಗಂಡಸರು ಎರಡು ಸಲ ಎಸೆಯುವ ಹಗ್ಗವನ್ನು ಒಂದೇ ಸಲಕ್ಕೆ ಗೂಟಕ್ಕೆ ಬೀಳಿಸುತ್ತಿದ್ದಳು. ಬಂದವಳೇ ಬಿಳಿ ಬಟ್ಟಲನ್ನು ಎತ್ತಿ ಚಹಾ ಕುಡಿದು ಕೆಳಗಿಟ್ಟಳು. ಬಟ್ಟಲ ಮೇಲೆ ನಾಲ್ಕು ಕೆಂಪು ಬೆರಳುಗಳು ಮೂಡಿದ್ದವು.

ನಾನು ಮೆರನ್ನಳನ್ನು ನೋಡಿದೆ. ಅವಳು ಬಟ್ಟಲನ್ನು ನೋಡುತ್ತಿದ್ದಳು. ಅವಳ ಮೋರೆಯ ಮೇಲೆ ಆಗ ಬಂದದ್ದು ಹೆದರಿಕೆ. ಅಮ್ಮ ಓಡಾಡುತ್ತಿದ್ದಾಳೆ ಎಂದಾಗ ಆ ಹೆದರಿಕೆ ಇರಲಿಲ್ಲ.

ಕೈ ಯಾಕೆ ಕೆಂಪಾಗಿದೆ ಎಂದು ನಾನೇ ಕೇಳಿದೆ. ಥೋರಾ ಅಂಗೈ ತಿರುಗಿಸಿ ನೋಡಿ, ದೋಣಿಯ ಕಂಬಿಯ ತುಕ್ಕು, ಕಂದು ಬಣ್ಣ ಕಾಣೋದಿಲ್ವಾ ಅತ್ತೆ, ಎಂದು ನಕ್ಕಳು. ಅವಳ ಕೂದಲು ಬಲಗಣ್ಣಿನ ಮೇಲೆ ಬಿದ್ದಿತ್ತು.

ಮೆರನ್ ಎದ್ದು ಬಂದು ಮಗಳ ಮುಂದೆ ನಿಂತಳು. ಅವಳು ಯಾರಿಗಾದರೂ ಪ್ರಶ್ನೆ ಕೇಳಿದ್ದನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ.

“ಎಡಗಣ್ಣು ಮುಚ್ಚಿಕೋ,” ಎಂದಳು. “ಈಗ ಯಾವ ಬಣ್ಣ?”

“ಕೆಂಪು.” ಥೋರಾಳ ನಗು ನಿಂತಿತು.

“ಬಲಗಣ್ಣು ಮುಚ್ಚಿಕೋ. ಈಗ?”

ಥೋರಾ ಬಹಳ ಹೊತ್ತು ಅಂಗೈ ನೋಡಿದಳು. “ಕಂದು. ಒಗೆದ ಬಟ್ಟೆ ಥರ. ಅಮ್ಮಾ, ಇದು ನಿಂಗೆ ಹೇಗೆ ಗೊತ್ತು?”

ಮೆರನ್ ಮಗಳ ಅಂಗೈ ಮಡಿಸಿಬಿಟ್ಟಳು. ನನಗೆ ಆಗ ಹೊಳೆಯಿತು. ಎಷ್ಟೋ ವರ್ಷದ ಹಿಂದೆ, ಮದುವೆಗೆ ಮುಂಚೆ, ಒಂದು ಚಳಿಗಾಲ ಪೂರ್ತಿ ಅವಳು ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹುಲ್ಲು ತಾಗಿತು ಎಂದು ಹೇಳಿಕೊಂಡು ಓಡಾಡಿದ್ದಳು. ನನ್ನ ತಮ್ಮ ಅದನ್ನು ನಂಬಿದ್ದ, ನಾನೂ ನಂಬಿದ್ದೆ.

ಥೋರಾ ಆಮೇಲೆ ಒಂದೊಂದಾಗಿ ಹೇಳಿದಳು. ಬೇಸಿಗೆಯಿಂದ ಎಡಗಾಲು ತನ್ನದಲ್ಲ ಎನ್ನಿಸುತ್ತಿದೆ. ಕತ್ತು ಬಗ್ಗಿಸಿದರೆ ಬೆನ್ನಿನಲ್ಲಿ ಕರೆಂಟು ಹೊಡೆದ ಹಾಗಾಗುತ್ತದೆ. ಆಗಸ್ಟಿನಲ್ಲಿ ಬಂದ ಡಾಕ್ಟರು ಹೇಗಿದ್ದೀಯ ಎಂದಾಗ ‘ಅಷ್ಟೇನೂ ಕೆಟ್ಟಿಲ್ಲ’ ಎಂದಿದ್ದಳು. ನಮ್ಮಲ್ಲಿ ಕೈ ಮುರಿದವನೂ ಹೀಗೇ ಹೇಳುವುದು. ವಂಶದಲ್ಲಿ ಯಾರಿಗಾದರೂ ಇತ್ತೇ ಎಂದದ್ದಕ್ಕೆ ಇಲ್ಲ ಎಂದಿದ್ದಳು. ಹಾಗಾಗಿ ಡಾಕ್ಟರು ಬೆನ್ನುನೋವಿನ ಮುಲಾಮು ಬರೆದುಕೊಟ್ಟಿದ್ದರು. ಗೋಡೆ ಹಿಡಿಯುತ್ತಿರುವುದು ಅವಳಿಗೇ ಗೊತ್ತಿರಲಿಲ್ಲ.

“ಇನ್ನೊಂದಿದೆ, ಹೇಳಿದ್ರೆ ನಗ್ತೀರಿ,” ಎಂದಳು. “ಈ ಪ್ಯಾಸೇಜಲ್ಲಿ ಬರುವಾಗ ಮಾತ್ರ ಎಡಗಾಲಿಗೆ ಏನೋ ಒತ್ತಿಕೊಂಡು ನಿಲ್ಲುತ್ತೆ. ಬೆಚ್ಚಗೆ. ಸ್ವಲ್ಪ ಒದ್ದೆ ಒದ್ದೆ. ನೋಡಿದ್ರೆ ಏನೂ ಇರಲ್ಲ. ಆದ್ರೆ ಅದಿದ್ರೆ ನಾನು ಬೀಳಲ್ಲ.”

ಯಾರೂ ನಗಲಿಲ್ಲ. ಇಸ್ಬೆಲ್ಲಳ ನಾಯಿ ಯಾವ ಕಡೆ ನಡೆಯುತ್ತಿತ್ತು ಎಂದು ಈ ಹುಡುಗಿಗೆ ಯಾರೂ ಹೇಳಿರಲಿಲ್ಲ. ಆ ಮನೆಯಲ್ಲಿ ನಾಯಿಯ ಮಾತೇ ಇರಲಿಲ್ಲ. ಮೆರನ್ ಕುರ್ಚಿಯ ಬೆನ್ನು ಹಿಡಿದಳು. ಆಗ ಅವಳ ಅಂಗೈಯೂ ಕಂಡಿತು, ಅದೂ ಕೆಂಪಾಗಿತ್ತು. ಗವಸು ಹಾಕಿಕೊಂಡು ಬಣ್ಣ ಬಳಿದವಳ ಬರಿಗೈ.

ಮಗಳು ಕೆಲಸಕ್ಕೆ ಹೋದ ಮೇಲೆ ನಾನು ಬಾಯಿ ತೆರೆದೆ. ತಕ್ಷಣ ಡಾಕ್ಟರಿಗೆ ಫೋನು ಮಾಡು, ಇದ್ದದ್ದೆಲ್ಲ ಹೇಳು ಎಂದೆ. ಅವಳು ತಲೆಯಾಡಿಸಿದಳು. ಅವರು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಗೆರೆ ಎಳೆಯುತ್ತಾರೆ, ಅದೊಂದು ನನ್ನಿಂದ ಆಗುವುದಿಲ್ಲ ಎಂದಳು. ನನಗೆ ರೇಗಿತು. ಐವತ್ತು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಬಂತು.

“ಆವತ್ತು ನೀನು ಹೇಳಿದ್ದಕ್ಕೆ ಒಂದು ನಾಯಿ ಸತ್ತಿತು, ಮೆರನ್. ಇವತ್ತು ನೀನು ಹೇಳದೆ ಇದ್ರೆ ಆ ಹುಡುಗಿ ಸಾಯೋವರೆಗೂ ಗೋಡೆ ಹಿಡೀತಾಳೆ. ಯಾವುದು ಬೇಕೋ ನೋಡಿಕೋ.”

ಹೀಗೆ ಹೇಳಬಾರದಿತ್ತು. ಅವಳ ಮುಖ ನೋಡಲಾಗದೆ ನಾನು ಮನೆಗೆ ಬಂದುಬಿಟ್ಟೆ. ಸಂಜೆ ನಾಲ್ಕಕ್ಕೆ ಅವಳೇ ಹೊಲ ದಾಟಿ ಬಂದಳು. ಅವಳ ಮನೆಯ ಫೋನು ಸರಿಯಾಗಿಯೇ ಇತ್ತು, ಆದರೂ ನನ್ನ ಫೋನು ಬೇಕು ಎಂದಳು.

ಡಿಸೆಂಬರಿನ ಮೊದಲ ವಾರ ಕಡಲಾಚೆಯ ಅಬರ್ಡೀನಿನ ದೊಡ್ಡಾಸ್ಪತ್ರೆಗೆ ಹೊರಟೆವು, ಮೂವರೂ. ಬಯಲಲ್ಲಿ ತೂಕ ಮಾಡಿದೆ. ಮೆರನ್ ಸೊರಗಿದ್ದಳು, ಎಷ್ಟು ಎಂದು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಥೋರಾಳನ್ನು ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ಗೋಡೆಯಾಚೆಯಿಂದ ಅದರ ಸದ್ದು ಕೇಳುತ್ತಿತ್ತು. ಮೊದಲು ಡಬಡಬ, ಆಮೇಲೆ ಒಂದೇ ಸಮನೆ ಟಿಕ್ ಟಿಕ್ ಟಿಕ್. ಮೆರನ್ ನನ್ನ ಮೊಣಕೈ ಹಿಡಿದುಕೊಂಡಳು, ಸದ್ದು ನಿಲ್ಲುವ ತನಕ ಬಿಡಲಿಲ್ಲ.

ನರರೋಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪರದೆಯ ಮೇಲೆ ಚಿತ್ರ ತೆರೆಯುವ ಮೊದಲು ಕೇಳಿಯೇ ಕೇಳಿದರು: ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತೇ? ಕೈಯಲ್ಲಿ ಪೆನ್ನು ಇತ್ತು. ಥೋರಾ ರೂಢಿಯಂತೆ ಇಲ್ಲ ಎನ್ನಲು ಬಾಯಿ ತೆರೆದಳು. ಮೆರನ್ ಪೆನ್ನನ್ನೇ ನೋಡುತ್ತಿದ್ದಳು. ಹಸಿರು ಕೋಟಿನವಳ ಮುಂದೆ ನಿಂತ ಮಗು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಇವಳು ಈಗಲೂ ಇಲ್ಲ ಎಂದರೆ ನಾನೇ ಹೇಳಿಬಿಡುವುದು ಎಂದುಕೊಂಡೆ.

“ನನ್ನಜ್ಜಿಗೆ,” ಎಂದಳು ಮೆರನ್. “ನಮ್ಮಮ್ಮನಿಗೆ.” ಆಮೇಲೆ ಪೆನ್ನಿನಿಂದ ಕಣ್ಣು ತೆಗೆದಳು. “ನನಗೂ. ಇಪ್ಪತ್ತೇಳನೇ ವಯಸ್ಸಿಂದ. ಯಾರಿಗೂ ಹೇಳಿಲ್ಲ.”

ಥೋರಾ ತಾಯಿಯ ಕಡೆ ತಿರುಗಿದಳು. ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡಳು. ಡಾಕ್ಟರು ಬರೆದುಕೊಂಡರು. ಗೆರೆ ಎಳೆಯಲಿಲ್ಲ.

ಮಿದುಳಿನ ಚಿತ್ರದಲ್ಲಿ ಬಿಳಿ ಚುಕ್ಕೆಗಳಿದ್ದವು. ಡಾಕ್ಟರು ಒಂದನ್ನು ದೊಡ್ಡದು ಮಾಡಿ ತೋರಿಸಿದರು. ಬಿಳಿಯ ನಡುವೆ ಕೂದಲಿನಷ್ಟು ತೆಳ್ಳನೆಯ ಕಪ್ಪು ಗೆರೆ ಇತ್ತು, ಅದೊಂದು ಸಣ್ಣ ರಕ್ತನಾಳವಂತೆ. ಚುಕ್ಕೆ ಹಾಗೆ ನಾಳದ ಸುತ್ತಲೇ ಎದ್ದಿದ್ದರೆ ಇದೇ ಕಾಯಿಲೆ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದಂತೆ, ಮೊದಲಿನಂತೆ ಇನ್ನೊಂದು ಸಲ ಬರಲಿ ಎಂದು ವರ್ಷಗಟ್ಟಲೆ ಕಾಯಬೇಕಿಲ್ಲ. ಸೂಜಿಯಲ್ಲಿ ಕೊಟ್ಟ ಮದ್ದಿಗೆ ಮೂರು ಚುಕ್ಕೆಗಳು ಹೊಳೆಯುತ್ತಿದ್ದವು. ಅವು ಈಗ ಉರಿಯುತ್ತಿರುವವು, ಉಳಿದವು ಹಳೆಯವು ಎಂದರು. ಮೈಯನ್ನು ಕಾಯಬೇಕಾದ ಕಣಗಳೇ ದಾರಿ ತಪ್ಪಿ ನರಗಳ ಹೊದಿಕೆಯನ್ನು ತಿನ್ನುತ್ತವೆ. ಹೊದಿಕೆ ಹೋದ ನರ ಇಲ್ಲದ್ದನ್ನು ಇದೆ ಎನ್ನುತ್ತದೆ, ಒಣ ಕಾಲನ್ನು ಒದ್ದೆ ಎನ್ನುತ್ತದೆ. ಬಿಸಿ ತಾಗಿದರೆ ಇನ್ನೂ ಹೆಚ್ಚು. ಕಾಲಿಗೆ ಬೆಚ್ಚಗೆ ಒತ್ತುವುದನ್ನು ಥೋರಾ ಹೇಳಿದಾಗ, ಆ ಪ್ಯಾಸೇಜಿನ ಗೋಡೆಯ ಹಿಂದೆ ಏನಿದೆ ಎಂದು ಕೇಳಿದರು. ಒಲೆ ಎಂದೆ ನಾನು. ಹಾಗಾದರೆ ಅದೇ, ಬಿಸಿಗೆ ಅಲ್ಲಿ ಕಾಲು ಸೋಲುತ್ತದೆ, ಕಾಲಿಗೆ ಭ್ರಮೆಯೂ ಆಗುತ್ತದೆ ಎಂದರು. ಇಸ್ಬೆಲ್ಲಳನ್ನು ಕೂರಿಸಿದ ಬಿಸಿನೀರಿನ ತೊಟ್ಟಿ ನನಗೆ ನೆನಪಾಯಿತು. ಮೂರು ತಲೆಮಾರು ಆ ಒಂದೇ ಜಾಗದಲ್ಲಿ ಗೋಡೆ ಹಿಡಿದದ್ದಕ್ಕೆ ಕಾರಣ ಸಿಕ್ಕಿತು, ಸಮಾಧಾನವೂ ಆಯಿತು. ಉಗುರಿನ ಸದ್ದಿನ ವಿಷಯ ನಾನು ಡಾಕ್ಟರಿ‌ಗೆ ಹೇಳಲಿಲ್ಲ.

ಈಗ ಮದ್ದಿದೆ ಎಂದರು. ಆರು ತಿಂಗಳಿಗೊಮ್ಮೆ ಡ್ರಿಪ್ಸ್. ಸುಟ್ಟದ್ದನ್ನು ಅದು ಸರಿಮಾಡುವುದಿಲ್ಲ, ಹೊಸದಾಗಿ ಹತ್ತಿಕೊಳ್ಳದ ಹಾಗೆ ಬಹುಪಾಲು ತಡೆಯುತ್ತದೆ. ಬೇಗ ಶುರುಮಾಡಿದಷ್ಟೂ ಉಳಿಯುವುದು ಹೆಚ್ಚು. ಇನ್ನೊಂದು ವರ್ಷ ತಡವಾಗಿದ್ದರೆ ಎಂದು ಥೋರಾ ಕೇಳಿದಾಗ ಡಾಕ್ಟರು, ಬಂದಿರಲ್ಲ, ಅಷ್ಟು ಸಾಕು ಎಂದರು.

ಎದ್ದು ಹೊರಡುವಾಗ ಮೆರನ್ ಬಾಗಿಲಲ್ಲಿ ನಿಂತಳು.

“ಇದು ನಾಯಿಯಿಂದ ಬರೋದಾ, ಡಾಕ್ಟ್ರೇ?”

“ಅಲ್ಲ. ಒಂದು ಕಾಲದಲ್ಲಿ ಆ ಅನುಮಾನ ಇತ್ತು, ನೋಡಿದ್ರು, ಸಿಗಲಿಲ್ಲ. ಒಂದು ವೈರಸ್ ಇದೆ, ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಇರೋದು, ಹರೆಯದಲ್ಲಿ ಗಂಟಲು ಊದಿ ಜ್ವರ ತರಿಸುತ್ತಲ್ಲ, ಅದು. ಅದಿಲ್ಲದೆ ಇದು ಬರೋದು ಬಹಳ ಅಪರೂಪ ಅಂತ ಈಗ ಗೊತ್ತಾಗಿದೆ. ಜೊತೆಗೆ ವಂಶ, ಬಿಸಿಲು ಕಡಿಮೆ, ಇನ್ನೂ ನಮಗೆ ತಿಳಿಯದ್ದು ಎಷ್ಟೋ. ನಾಯಿ ಅಲ್ಲ.”

“ಹಾಗಾದ್ರೆ ಆವತ್ತು ಅವರು ಬರೀ ಕೇಳಿದ್ದು?”

“ಯಾರು?”

ಮೆರನ್ ಬಾಗಿಲು ದಾಟಿದಳು. ಹೊರಗಿನ ಬೆಂಚಿನ ಮೇಲೆ ಕೂತು, ಗವಸುಗಳನ್ನು ಮಡಿಸುತ್ತ, ಬಿಚ್ಚುತ್ತ, ಬಹಳ ಹೊತ್ತು ಅತ್ತಳು. ಮಗಳಿಗಾಗಿ ಅಳುತ್ತಿದ್ದಾಳೆ ಎಂದು ನರ್ಸು ನೀರು ತಂದುಕೊಟ್ಟಳು. ಅವಳು ನಾಯಿಗಾಗಿ ಅಳುತ್ತಿದ್ದಳು.

ಅವಳ ತಲೆಯನ್ನೂ ಸ್ಕ್ಯಾನ್ ಮಾಡಿದರು. ಮೂವತ್ತು ವರ್ಷದ ಕಲೆಗಳು ಅದರಲ್ಲಿದ್ದವು, ಯಾವುದೂ ಹೊಳೆಯಲಿಲ್ಲ. ಕೆಲವಕ್ಕೆ ಮಾತ್ರ ಅಂಚಿನಲ್ಲಿ ಕಪ್ಪು ಬಳೆ. ಅವು ಆರಿಲ್ಲ, ಬೂದಿಯ ಕೆಳಗಿನ ಕೆಂಡದ ಹಾಗೆ ಒಳಗೊಳಗೇ ತಿನ್ನುತ್ತಿವೆ, ಇದನ್ನು ತಡೆಯುವ ಮದ್ದುಗಳನ್ನು ಇನ್ನೂ ಪರೀಕ್ಷಿಸುತ್ತಿದ್ದಾರೆ ಎಂದರು ಡಾಕ್ಟರು. ಹೇಗನ್ನಿಸುತ್ತಿದೆ ಎಂದು ಕೇಳಿದ್ದಕ್ಕೆ ಮೆರನ್ ‘ಅಷ್ಟೇನೂ ಕೆಟ್ಟಿಲ್ಲ’ ಎಂದು ಶುರುಮಾಡಿ, ಅಲ್ಲೇ ತಿದ್ದಿಕೊಂಡು, ಬಲಗೈ ಜೋಮು, ಎಡಗಾಲು ಭಾರ ಎಂದು ಇದ್ದದ್ದೆಲ್ಲ ಹೇಳಿದಳು.

ಜನವರಿಯಲ್ಲಿ ಥೋರಾಳಿಗೆ ಡ್ರಿಪ್ಸ್ ಶುರುವಾಯಿತು. ಮೇ ತಿಂಗಳಲ್ಲಿ ಅವಳೇ ಪ್ಯಾಸೇಜಿಗೆ ಸುಣ್ಣ ಬಳಿದಳು. ಕೆಂಪು ಮುಚ್ಚಲು ನಾಲ್ಕು ಸುತ್ತು ಬೇಕಾಯಿತು. ಒಲೆಯನ್ನು ಅಡುಗೆಮನೆಯ ಎದುರು ಗೋಡೆಗೆ ಸಾಗಿಸಿದೆವು, ಕೊಳವೆ ಜೋಡಿಸುವಾಗ ನನ್ನ ಎರಡು ಬೆರಳು ಜಜ್ಜಿದವು. ಒಂದು ವರ್ಷದ ನಂತರದ ಸ್ಕ್ಯಾನಿನಲ್ಲಿ ಒಂದೂ ಹೊಸ ಚುಕ್ಕೆ ಇರಲಿಲ್ಲ. ಹುಡುಗಿ ಮತ್ತೆ ಒಂದೇ ಎಸೆತಕ್ಕೆ ಹಗ್ಗ ಬೀಳಿಸುತ್ತಿದ್ದಾಳೆ.

ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಹೋಗಿದ್ದೆ. ಆಲೂಗಡ್ಡೆ, ಗೆಡ್ಡೆಕೋಸು ಕಲಸಿ ಬೆಣ್ಣೆ ಹಾಕಿದ್ದಳು ಮೆರನ್. ಥೋರಾ ತಿನ್ನುತ್ತ, ಈಗ ಕಾಲಿಗೆ ಆ ಬೆಚ್ಚನೆಯದು ಬರುವುದೇ ಇಲ್ಲ, ಮದ್ದು ಹಿಡಿದ ಮೇಲೆ ಹೋಗಿಬಿಟ್ಟಿತು ಎಂದಳು. ಒಳ್ಳೆಯದಾಯಿತು ಎಂದೆ. ಒಳ್ಳೆಯದೇ, ಆದರೂ ಒಂದೊಂದು ಸಲ ಬೇಕೆನ್ನಿಸುತ್ತದೆ ಅತ್ತೆ, ಎಂದಳು ಆ ಹುಚ್ಚು ಹುಡುಗಿ.

“ಅದೆಲ್ಲೂ ಹೋಗಿಲ್ಲ,” ಎಂದಳು ಮೆರನ್.

ನಾವಿಬ್ಬರೂ ತಲೆ ಎತ್ತಿದೆವು. ಅವಳು ಮೇಜಿನಂಚು ಹಿಡಿದು ನಿಧಾನವಾಗಿ ಎದ್ದಳು. ಒಂದು ಕ್ಷಣ ಹಾಗೇ ನಿಂತು, ಪ್ಯಾಸೇಜಿನ ಕತ್ತಲ ಕಡೆ ತಿರುಗಿ, ಊಟದ ಹೊತ್ತಿಗೆ ನಾಯಿಯನ್ನು ಕರೆಯುವ ದನಿಯಲ್ಲಿ ಕರೆದಳು.

“ಬೆಸ್. ಬಾ ಮರಿ.”

ಐವತ್ತೊಂದು ವರ್ಷದ ಮೇಲೆ ನಾನು ಆ ಹೆಸರು ಕೇಳಿದ್ದು. ಒಲೆ ಈಗ ಆ ಗೋಡೆಯ ಹಿಂದೆ ಇಲ್ಲ, ಆದರೂ ಚಪ್ಪಡಿ ಕಲ್ಲಿನ ಮೇಲೆ ಆ ಉಗುರಿನ ಸದ್ದು ಬಂತು, ನಿಂತಿತು. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನಿದೆ. ಮೆರನ್ ಎಡಗೈಯನ್ನು ಮಂಡಿಯ ಮಟ್ಟಕ್ಕೆ ಇಳಿಬಿಟ್ಟು, ಬೆರಳು ಅಗಲಿಸಿ, ಮತ್ತೆ ಮೆಲ್ಲಗೆ ಮಡಿಸಿದಳು. ಆಮೇಲೆ ಗೋಡೆ ಮುಟ್ಟದೆ ಪ್ಯಾಸೇಜಿನ ಉದ್ದಕ್ಕೂ ನಡೆದುಹೋದಳು.